ಶ್ರಾವಣ ಮುಗಿದ ಮೇಲೂ ಉಳಿಯುವ ನೇಮ

ಶ್ರಾವಣ ಮಾಸದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಊರುಗಳಲ್ಲಿ ಸಂಜೆಯಾಗುತ್ತಲೇ ಪುರಾಣ ಪ್ರವಚನ ಕೇಳಲು ಭಕ್ತರು ಸೇರುತ್ತಾರೆ. ಅದೇ ತಿಂಗಳಲ್ಲಿ ಅನೇಕರು ಒಂದೊಂದು ನೇಮವನ್ನೂ ಹಿಡಿಯುತ್ತಾರೆ. ಒಬ್ಬರು ಗುಟ್ಕಾ ಬಿಡುತ್ತಾರೆ, ಮತ್ತೊಬ್ಬರು ಕುಡಿತ ಬಿಡುತ್ತಾರೆ, ಇನ್ನೊಬ್ಬರು ನಸುಕಿನಲ್ಲಿ ಎದ್ದು ಗುಡಿಯವರೆಗೆ ನಡೆಯುತ್ತಾರೆ. ತಿಂಗಳು ಪೂರ್ತಿ ನೇಮ ಕೆಡುವುದಿಲ್ಲ. ಆದರೆ ಅಮಾವಾಸ್ಯೆ ಕಳೆದು ಭಾದ್ರಪದ ಬಂದೊಡನೆ ಬಹಳ ಜನರ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಒಂದು ತಿಂಗಳು ಬಿಟ್ಟಿದ್ದವರಿಗೆ ಮನೋಬಲವಿಲ್ಲ ಎಂದು ಹೇಳಲಾಗದು. ಮನೋಬಲವಿತ್ತು, ಅದು ಅಭ್ಯಾಸವಾಗಿ ನೆಲೆ ನಿಲ್ಲಲಿಲ್ಲ. ಅದಕ್ಕೆ ಎರಡು ಕಾರಣಗಳನ್ನು ನಾವು ಕಾಣುತ್ತೇವೆ. ಮೊದಲನೆಯದು, ಆ ನೇಮಕ್ಕೆ ಆರಂಭದಲ್ಲಿಯೇ ಒಂದು ಕೊನೆಯ ದಿನ ಗೊತ್ತಾಗಿರುತ್ತದೆ; ಮನಸ್ಸು ಆ ದಿನವನ್ನೇ ಎಣಿಸುತ್ತಿರುತ್ತದೆ. ಎರಡನೆಯದು, ಅಭ್ಯಾಸ ಬೇರೂರಲು ಒಂದು ತಿಂಗಳು ಬಹುಮಟ್ಟಿಗೆ ಸಾಲದು.

ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಇದನ್ನೇ ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದರು. 96 ಜನ ತಮಗೆ ಬೇಕಾದ ಒಂದೊಂದು ಸಣ್ಣ ರೂಢಿಯನ್ನು ಆರಿಸಿಕೊಂಡು 84 ದಿನ ನಡೆಸಿದರು. ಊಟದ ಜೊತೆ ಒಂದು ಹಣ್ಣು ತಿನ್ನುವುದು, ನೀರು ಕುಡಿಯುವುದು, ಸ್ವಲ್ಪ ಹೊತ್ತು ವ್ಯಾಯಾಮ ಮಾಡುವುದು ಇಂಥವು ಅವು. ಯೋಚಿಸದೆಯೇ ಕೆಲಸ ತಾನಾಗಿ ನಡೆಯುವ ಸ್ಥಿತಿಗೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂದು ಅಂದಾಜಿಸಲಾಯಿತು. ನೀರು ಕುಡಿಯುವಂಥ ಸುಲಭದ ರೂಢಿ ಬೇಗ ಕೂಡಿಬಂದಿತು, ವ್ಯಾಯಾಮ ತಡವಾಯಿತು. ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯವಾದುದು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಬಂದೇಬಿಡುತ್ತದೆ ಎಂಬ ಮಾತನ್ನು ಅನೇಕರು ಕೇಳಿರುತ್ತಾರೆ. ಅದನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಶರಾಗಬೇಕಾಗಿಲ್ಲ.

ಹಾಗಾದರೆ ನೇಮವನ್ನು ಯಾವುದಕ್ಕೆ ಕಟ್ಟಬೇಕು? ಉತ್ತರವು ಭಕ್ತರ ಮನೆಯಲ್ಲಿಯೇ ಇದೆ. ಇಷ್ಟಲಿಂಗ ಪೂಜೆಯನ್ನು ನಿತ್ಯ ಮಾಡುವವರು ಇಂದು ಪೂಜೆ ಮಾಡಬೇಕೋ ಬೇಡವೋ ಎಂದು ಬೆಳಿಗ್ಗೆ ಎದ್ದು ವಿಚಾರಿಸುವುದಿಲ್ಲ. ಸ್ನಾನವಾದ ಮೇಲೆ ವಿಭೂತಿ, ವಿಭೂತಿಯಾದ ಮೇಲೆ ಪೂಜೆ, ಪೂಜೆಯಾದ ಮೇಲೆ ಪ್ರಸಾದ. ಒಂದು ಕ್ರಿಯೆ ಮುಂದಿನ ಕ್ರಿಯೆಯನ್ನು ಕರೆದು ತರುತ್ತದೆ. ಜಾಗವೂ ಅದೇ, ಅನುಕ್ರಮವೂ ಅದೇ. ಹೊಸ ಆರೋಗ್ಯದ ನೇಮವನ್ನು ಇಂಥ ಗಟ್ಟಿಯಾದ ಹಳೆಯ ನೇಮದ ಬೆನ್ನಿಗೆ ಕಟ್ಟಿದರೆ ಅದು ಸುಲಭವಾಗಿ ನಿಲ್ಲುತ್ತದೆ.

ಗಡಿಯಾರಕ್ಕಿಂತ ಕ್ರಿಯೆಗೆ ಕಟ್ಟುವುದು ನಮ್ಮ ಭಾಗಕ್ಕೆ ಹೆಚ್ಚು ಹೊಂದುತ್ತದೆ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವವರಿಗೆ ಪಾಳಿ ಬದಲಾಗುತ್ತದೆ. ಕಾಲುವೆ ನೀರು ಕಟ್ಟುವ ರೈತರು ರಾತ್ರಿಯೂ ಹೊಲಕ್ಕೆ ಹೋಗಬೇಕಾಗುತ್ತದೆ. ಇವರಿಗೆ "ಬೆಳಿಗ್ಗೆ ಐದಕ್ಕೆ ಎದ್ದು ನಡೆಯಿರಿ" ಎಂಬ ಉಪದೇಶ ವಾರದೊಳಗೆ ಮುರಿದು ಬೀಳುತ್ತದೆ. ಆದರೆ "ಊಟವಾಗಿ ಕೈ ತೊಳೆದ ಮೇಲೆ ಹತ್ತು ನಿಮಿಷ ನಡೆಯುತ್ತೇನೆ" ಎಂಬ ನೇಮ ಯಾವ ಪಾಳಿಯಲ್ಲಿಯೂ ನಡೆಯುತ್ತದೆ. ಊಟ ಯಾವ ಹೊತ್ತಿಗಾದರೂ ಆಗಲಿ, ಕೈ ತೊಳೆಯದೆ ಯಾರೂ ಏಳುವುದಿಲ್ಲ.

ಈ ಹತ್ತು ನಿಮಿಷದ ನಡಿಗೆಯನ್ನು ಸಣ್ಣದೆಂದು ತಿಳಿಯಬಾರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಜೋಳದ ರೊಟ್ಟಿಯ ತಾಟಿನಲ್ಲಿ ಅನ್ನದ ಪಾಲು ಹೆಚ್ಚಿತು. ಹೊಲಕ್ಕೆ ನಡೆದು ಹೋಗುತ್ತಿದ್ದವರಿಗೆ ಈಗ ಮೋಟಾರ್ ಸೈಕಲ್ ಇದೆ. ಅನ್ನ ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆಗ ನಡೆದರೆ ಕಾಲಿನ ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ, ಏರಿಕೆ ತಗ್ಗುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆಯಂಥ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಎರಡು ಊಟದ ನಂತರ ಹತ್ತು ಹತ್ತು ನಿಮಿಷ ಚುರುಕಾಗಿ ನಡೆದರೆ ವಾರಕ್ಕೆ 140 ನಿಮಿಷವಾಗುತ್ತದೆ. ಗುರಿ ಬಹುತೇಕ ಮುಟ್ಟಿದಂತೆಯೇ.

ಚಹಾದ ಲೆಕ್ಕವನ್ನೂ ನೋಡೋಣ. ದಿನಕ್ಕೆ ನಾಲ್ಕು ಸಲ ಚಹಾ, ಸಲಕ್ಕೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ. ಚಮಚಕ್ಕೆ ಐದು ಗ್ರಾಂ ಹಿಡಿದರೆ 40 ಗ್ರಾಂ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚಹಾವನ್ನೇ ಬಿಡುತ್ತೇನೆಂದು ಆಣೆ ಇಟ್ಟವರು ಬೀಗರ ಮನೆಯಲ್ಲಿ ಸೋಲುತ್ತಾರೆ. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸುತ್ತ ಬಂದವರ ನಾಲಗೆ ತಾನೇ ಹೊಂದಿಕೊಳ್ಳುತ್ತದೆ. ಊಟದ ಪಂಕ್ತಿಯಿಂದ ಉಪ್ಪಿನ ಬಟ್ಟಲನ್ನು ತೆಗೆದಿಡುವುದೂ ಇಂಥದೇ ನೇಮ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಎಲ್ಲವೂ ಸೇರಿ ದಿನದ ಉಪ್ಪು ಐದು ಗ್ರಾಂ ಮೀರಬಾರದು. ಅಂದರೆ ಒಂದು ಸಣ್ಣ ಚಮಚ.

ರಕ್ತದೊತ್ತಡದ ಗುಳಿಗೆಯನ್ನು ಮರೆಯುವವರು ಬಹಳ. ತಲೆನೋವಿಲ್ಲ, ತಲೆ ಸುತ್ತುವುದಿಲ್ಲ ಎಂದು ನಿಲ್ಲಿಸುವವರೂ ಇದ್ದಾರೆ. ಒತ್ತಡ ಸದ್ದಿಲ್ಲದೆ ಏರಿ ಲಕ್ವ ಹೊಡೆದಾಗಲೇ ಮನೆಯವರಿಗೆ ತಿಳಿಯುವ ಪ್ರಸಂಗಗಳು ಕಡಿಮೆಯಲ್ಲ. ವೈದ್ಯರು ಬೆಳಗಿನ ಗುಳಿಗೆ ಎಂದು ಬರೆದಿದ್ದರೆ ಅದನ್ನು ದೇವರ ಜಗುಲಿಯ ಹತ್ತಿರ, ಮಕ್ಕಳ ಕೈಗೆ ಸಿಗದ ಗೂಡಿನಲ್ಲಿ ಇಡಿರಿ. ಪೂಜೆಯೇ ಗುಳಿಗೆಯನ್ನು ನೆನಪಿಸುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಬಹುಕಾಲ ನಿತ್ಯ ಕುಡಿದವರು ಶ್ರಾವಣವೆಂದು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಅದು ಪ್ರಾಣಕ್ಕೂ ಎರವಾಗಬಹುದು. ಅವರು ಬಿಡಲೇಬೇಕು, ಆದರೆ ವೈದ್ಯರ ಆಶ್ರಯದಲ್ಲಿ ಬಿಡಬೇಕು. ಅದೇ ರೀತಿ ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ತಂಬಾಕು ಬಿಡಲು ಬಯಸುವವರು ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. ಸಹಾಯ ಕೇಳುವುದು ನೇಮಭಂಗವಲ್ಲ.

ಸಾಮಾನ್ಯನ ಸಣ್ಣ ಸಾಧನೆಗೆ ನಮ್ಮ ನೆಲದಲ್ಲಿಯೇ ಒಂದು ಪ್ರಾಚೀನ ಸಾಕ್ಷಿಯಿದೆ. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದುದಕ್ಕಾಗಿ ಲೋಕಪ್ರಸಿದ್ಧವಾಗಿದೆ. ಹೆಸರಿನ ಗದ್ದಲದಲ್ಲಿ ಅದರ ತಿರುಳನ್ನು ನಾವು ಮರೆಯುತ್ತೇವೆ. ಧರ್ಮಸಾಧನೆ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಭಾವಿಸಬಾರದು, ನಿಷ್ಠೆಯಿಂದ ನಡೆಯುವ ಸಾಮಾನ್ಯನಿಗೂ ಅದು ಸಾಧ್ಯ, ಹಾಗೆ ನಡೆದರೆ ಅದು ಬಹುಕಾಲ ಉಳಿದು ಒಂದೂವರೆಯಷ್ಟು ಬೆಳೆಯುತ್ತದೆ ಎಂಬುದೇ ಆ ತಿರುಳು. ನೂರು ಪಟ್ಟು ಎಂದು ಆ ಅರಸ ಹೇಳಲಿಲ್ಲ, ಒಂದೂವರೆ ಎಂದ. ಇದೇ ಸಂದೇಶದ ಬ್ರಹ್ಮಗಿರಿಯ ಪ್ರತಿಯಲ್ಲಿ, ಮೊದಲ ವರ್ಷ ತಾನೂ ಹೆಚ್ಚು ಶ್ರಮಿಸಲಿಲ್ಲವೆಂದು ಹೇಳಿಕೊಂಡಿದ್ದಾನೆ. ಚಕ್ರವರ್ತಿಗೇ ಒಂದು ವರ್ಷ ಹಿಡಿದಿರುವಾಗ ನಮಗೆ ಎರಡು ಮೂರು ತಿಂಗಳು ಹಿಡಿದರೆ ನಾಚಿಕೆಯೇನಿದೆ?

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಒಂದೇ ಒಂದು ನೇಮವನ್ನು ಆರಿಸಿರಿ. ಬೇಸರದ ದಿನವೂ ಮಾಡಬಹುದಾದಷ್ಟು ಅದನ್ನು ಸಣ್ಣದು ಮಾಡಿರಿ. ಯಾವ ಕೆಲಸದ ನಂತರ ಮಾಡುವಿರೆಂದು ಮನೆಯವರ ಎದುರು ಹೇಳಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿರಿ. ಒಂದು ದಿನ ತಪ್ಪಿದರೆ ಅದು ನೇಮದ ಕೊನೆಯಲ್ಲ. ಮರುದಿನ ಮಾತ್ರ ತಪ್ಪಿಸಬೇಡಿರಿ. ಎರಡು ಮೂರು ತಿಂಗಳಲ್ಲಿ ಅದು ರೂಢಿಯಾದ ಮೇಲೆ ಎರಡನೆಯದನ್ನು ಕೂಡಿಸಿರಿ. ಮುಂದಿನ ಶ್ರಾವಣ ಬರುವ ಹೊತ್ತಿಗೆ, ಬಿಡಲು ಹೊಸದನ್ನು ಹುಡುಕುವ ಬದಲು, ಉಳಿದುಕೊಂಡಿರುವ ನೇಮಗಳನ್ನು ಎಣಿಸುವ ಭಾಗ್ಯ ನಮ್ಮೆಲ್ಲರದಾಗಲಿ.