ಸೋರಿಕೆಯ ಮೂಲ

ಹಾಸನದಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಪೂರ್ವಕ್ಕೆ ಹೊರಟದ್ದು ಚನ್ನರಾಯಪಟ್ಟಣದ ಮೂಲಕ ಬೆಂಗಳೂರನ್ನು ಸೇರುತ್ತದೆ. ಹೇಮಾವತಿಯ ದಡದ ಹೊಳೆನರಸೀಪುರಕ್ಕೂ ಹೇಮಾವತಿ ಕಾವೇರಿಗಳ ನಡುವಣ ಅರಕಲಗೂಡು ಸೀಮೆಗೂ ಬೇರೆ ಹಾದಿಗಳುಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾಡಿನ ರಸ್ತೆಗಳಲ್ಲೆಲ್ಲ ಓಡಾಡಿದಂತೆ ಈ ಹಾದಿಗಳಲ್ಲಿಯೂ ಓಡಾಡಿದ ಕಾರು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಈ ವಾಹನವು 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದಿತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಅಧಿಕಾರಿಗಳ ವಾಹನವಾಗಿಯೂ ಬಾಡಿಗೆಯ ಕಾರಾಗಿಯೂ ಮದುವೆಯ ದಿಬ್ಬಣದ ಬಂಡಿಯಾಗಿಯೂ ದುಡಿದ ಅಂಬಾಸಿಡರುಗಳಲ್ಲಿ ಇಂದು ಉಳಿದಿರುವವು ಕೆಲವೇ. ಕಾರ್ಖಾನೆಯೇ ಮುಚ್ಚಿರುವುದರಿಂದ, ಕಡೆಗಣಿಸಿದ ಒಂದು ಸಣ್ಣ ಸೋರಿಕೆಯೂ ಇಂತಹ ಕಾರಿನ ಆಯುಸ್ಸನ್ನು ಕೊನೆಗಾಣಿಸಬಲ್ಲುದು.

ಈ ಕಾರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪೆಟ್ರೋಲ್ ಇಂಜಿನ್ನು ನಾಲ್ಕು ಸಿಲಿಂಡರುಗಳದು. ಅದರ ಸಾಮರ್ಥ್ಯ 1489 ಘನ ಸೆಂಟಿಮೀಟರು. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಬಾರಿ ದಹನಕ್ರಿಯೆ ನಡೆಯುತ್ತದೆ. ಆ ಕ್ಷಣದಲ್ಲಿ ಒಳಗಿನ ಅನಿಲದ ಉಷ್ಣತೆಯು 2000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಹುದು. ಈ ಬೆಂಕಿಯ ಪಕ್ಕದಲ್ಲಿಯೇ ಒಂದು ಮಾರ್ಗದಲ್ಲಿ ತಂಪುಗೊಳಿಸುವ ನೀರೂ ಇನ್ನೊಂದು ಮಾರ್ಗದಲ್ಲಿ ಎಣ್ಣೆಯೂ ಹರಿಯುತ್ತಿರುತ್ತವೆ. ಕೆಳಗಿನ ಬ್ಲಾಕ್ ಮತ್ತು ಮೇಲಿನ ಸಿಲಿಂಡರ್ ಹೆಡ್ ಎಂಬ ಎರಡು ಎರಕದ ಭಾಗಗಳು ಕೂಡುವ ಸಂದಿನಲ್ಲಿ ಈ ಮೂರೂ ಒಂದನ್ನೊಂದು ಬೆರೆಯದಂತೆ ತಡೆಯುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್.

ಎರಡು ಲೋಹಗಳನ್ನು ಬಿಗಿಯಾಗಿ ಕೂಡಿಸಿದರೆ ಸಾಲದೇ, ನಡುವೆ ಹಾಳೆಯೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಇದೇ ಜಿಲ್ಲೆಯ ಬೇಲೂರು ಹಳೇಬೀಡುಗಳಲ್ಲಿ ಹೊಯ್ಸಳ ಶಿಲ್ಪಿಗಳು ಗಾರೆಯಿಲ್ಲದೆಯೇ ಕಲ್ಲಿಗೆ ಕಲ್ಲನ್ನು ಕೂಡಿಸಿದರು. ಆದರೆ ಆ ಕಲ್ಲುಗಳು ಕದಲದೆ ಭಾರ ಹೊತ್ತು ನಿಂತರೆ ಸಾಕು. ಇಂಜಿನ್ನಿನ ಲೋಹವು ಕಾದು ಹಿಗ್ಗುತ್ತದೆ, ಆರಿ ಕುಗ್ಗುತ್ತದೆ. ಎಷ್ಟೇ ನಯಗೊಳಿಸಿದರೂ ಅದರ ಮೈಯಲ್ಲಿ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಒತ್ತಡದಲ್ಲಿರುವ ಅನಿಲಕ್ಕೆ ಅಷ್ಟು ದಾರಿಯೇ ಸಾಕು. ಒತ್ತಿದಾಗ ಆ ಏರುತಗ್ಗುಗಳಿಗೆ ಹೊಂದಿಕೊಂಡು ಸಂದನ್ನು ಮುಚ್ಚುವುದು ಗ್ಯಾಸ್ಕೆಟ್ಟಿನ ಕೆಲಸ.

ಗ್ಯಾಸ್ಕೆಟ್ ತಾನಾಗಿ ಕೆಡುವುದಕ್ಕಿಂತ ಮಿತಿಮೀರಿದ ಶಾಖದಿಂದ ಕೆಡುವುದೇ ಹೆಚ್ಚು. ಭಾರ ಹೊತ್ತು ಘಾಟಿಯನ್ನು ಏರುವ ಕಾರಿನಲ್ಲಿ ಇಂಜಿನ್ನಿನ ದುಡಿಮೆ ಹೆಚ್ಚು, ವೇಗ ಕಡಿಮೆ. ರೇಡಿಯೇಟರಿನ ಮೂಲಕ ಹಾಯುವ ಗಾಳಿಯೂ ಕಡಿಮೆ. ನೀರು ಕುದಿದು ಕಡಿಮೆಯಾದರೆ ಹೆಡ್ ಕಾದು ಸೊಟ್ಟಗಾಗುತ್ತದೆ. ಗ್ಯಾಸ್ಕೆಟ್ಟಿನ ಮೇಲಿನ ಹಿಡಿತ ಒಂದೆಡೆ ಸಡಿಲಗೊಂಡು ಅಲ್ಲಿ ಅದು ಸುಟ್ಟುಹೋಗುತ್ತದೆ. ಆಗ ರೇಡಿಯೇಟರಿನಲ್ಲಿ ಗುಳ್ಳೆಗಳೇಳುವುದು, ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುವುದು, ಹೊಗೆಕೊಳವೆಯಿಂದ ಬಿಳಿಯ ಆವಿ ಎಡೆಬಿಡದೆ ಬರುವುದು, ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು ಮುಂತಾದ ಲಕ್ಷಣಗಳು ತೋರುತ್ತವೆ. ನೀರು ಬೆರೆತ ಎಣ್ಣೆಯು ಬೇರಿಂಗುಗಳನ್ನು ರಕ್ಷಿಸಲಾರದು. ಇಂತಹ ಸ್ಥಿತಿಯಲ್ಲಿ ಕಾರನ್ನು ಓಡಿಸಿದರೆ ಇಂಜಿನ್ನೇ ಹಾಳಾಗುವುದು.

ಸೋರಿಕೆ ಕಂಡ ಜಾಗವೇ ಅದರ ಮೂಲವೆಂದು ಭಾವಿಸಬಾರದು. ಕಾರಿನ ಕೆಳಗೆ ಎಣ್ಣೆ ತೊಟ್ಟಿಕ್ಕಿದೊಡನೆ ತಳದ ಸಂಪಿನ ಗ್ಯಾಸ್ಕೆಟ್ ಕೆಟ್ಟಿತೆಂದು ಅದನ್ನು ಬದಲಾಯಿಸುವವರುಂಟು. ಮೇಲಿನ ರಾಕರ್ ಕವರಿನ ಬಿರಟೆಯ ಗ್ಯಾಸ್ಕೆಟ್ ಒಣಗಿ ಬಿರಿದು, ಅಲ್ಲಿಂದ ಇಳಿದ ಎಣ್ಣೆಯೇ ತಳವನ್ನು ಸೇರಿರಬಹುದು. ಇಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಉಸಿರುಕೊಳವೆ ಕಟ್ಟಿಕೊಂಡಿದ್ದರೆ ಒಳಗೆ ಒತ್ತಡ ಹೆಚ್ಚಿ ಹಲವು ಸಂದುಗಳಿಂದ ಎಣ್ಣೆ ಜಿನುಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿದರೂ ಅದು ನಿಲ್ಲದು. ಆದುದರಿಂದ ಬಲ್ಲ ಮೆಕ್ಯಾನಿಕ್ಕನು ಮೊದಲು ಇಂಜಿನ್ನನ್ನು ತೊಳೆದು ಒಣಗಿಸಿ, ಸ್ವಲ್ಪ ಕಾಲ ಓಡಿಸಿ, ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೆಂದು ಹುಡುಕುತ್ತಾನೆ.

ಹೆಡ್ ಗ್ಯಾಸ್ಕೆಟ್ಟನ್ನು ಬದಲಾಯಿಸಲು ಇಂಜಿನ್ನು ಪೂರ್ತಿಯಾಗಿ ತಣಿದಿರಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮುಚ್ಚಿದ ರೇಡಿಯೇಟರಿನಲ್ಲಿ ಒತ್ತಡವಿರುವುದರಿಂದ ಅದು ಇನ್ನೂ ಹೆಚ್ಚು ಕಾದಿರಬಹುದು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡವು ತಟ್ಟನೆ ಇಳಿದು, ಕುದಿವ ನೀರು ಮುಖಕ್ಕೆ ಚಿಮ್ಮುತ್ತದೆ.

ಬ್ಯಾಟರಿಯ ಸಂಪರ್ಕ ಕಳಚಿ, ನೀರನ್ನು ಬಸಿದು, ಹೆಡ್ಡಿನ ನಟ್ಟುಗಳನ್ನು ಅಂಚಿನಿಂದ ನಡುವಿಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಹೆಡ್ಡನ್ನು ಎತ್ತಿದ ಮೇಲೆ ಅದರ ಮೈಗೆ ಉಕ್ಕಿನ ನೇರಪಟ್ಟಿಯನ್ನು ಅಡ್ಡಲಾಗಿಯೂ ಕರ್ಣರೇಖೆಯಲ್ಲಿಯೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ತೆಳುವಾದ ಅಲಗು ನುಸುಳುವುದೇ ಎಂದು ನೋಡಬೇಕು. ತಯಾರಕರು ಹೇಳಿದ ಮಿತಿಯನ್ನು ಮೀರಿ ಸೊಟ್ಟಗಾಗಿದ್ದರೆ ಯಂತ್ರದ ಮೇಲೆ ಮಟ್ಟಮಾಡಿಸುವುದೊಂದೇ ದಾರಿ. ಸೊಟ್ಟಗಾದ ಹೆಡ್ಡಿನಡಿ ಹೊಸ ಗ್ಯಾಸ್ಕೆಟ್ ಹೆಚ್ಚು ಕಾಲ ಬಾಳದು. ಮರುಜೋಡಣೆಯಲ್ಲಿ ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಹಲವು ಸುತ್ತುಗಳಲ್ಲಿ, ಟಾರ್ಕ್ ರೆಂಚಿನಿಂದ ಗೊತ್ತಾದ ಅಳತೆಗೆ ಬಿಗಿಯಬೇಕು. ಪುಸ್ತಕಕ್ಕೆ ಕಾಗದ ಅಂಟಿಸುವಾಗ ನಡುವಿನಿಂದ ಅಂಚಿನತ್ತ ಸವರಿದರೆ ಸುಕ್ಕು ಉಳಿಯದಷ್ಟೆ. ಇಲ್ಲಿಯೂ ಅದೇ ನ್ಯಾಯ. ಎಣ್ಣೆಗೆ ನೀರು ಬೆರೆತಿದ್ದರೆ ಅದನ್ನು ಚೆಲ್ಲಿ ಹೊಸ ಎಣ್ಣೆ ತುಂಬುವುದೂ, ಇಂಜಿನ್ನು ಕಾಯಲು ಮೊದಲು ಏನು ಕಾರಣವೆಂದು ಹುಡುಕಿ ಸರಿಪಡಿಸುವುದೂ ದುರಸ್ತಿಯ ಭಾಗಗಳೇ.

ಈ ಕೆಲಸದಲ್ಲಿ ಕಣ್ಣಿಗೆ ಕಾಣದ ಅಪಾಯವೊಂದುಂಟು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದು ಶಾಖವನ್ನು ತಡೆಯುವುದು ನಿಜ. ಆದರೆ ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರಿದರೆ ಎಷ್ಟೋ ವರ್ಷಗಳ ಅನಂತರ ಶ್ವಾಸಕೋಶದ ರೋಗಗಳನ್ನೂ ಕ್ಯಾನ್ಸರನ್ನೂ ತರಬಲ್ಲವು. ಆದುದರಿಂದ ಹಳೆಯ ಹಾಳೆಯನ್ನು ಒಣಗಿದಂತೆಯೇ ಕೆರೆಯುವುದೂ ಅದರ ಧೂಳನ್ನು ಗಾಳಿಯಿಂದ ಊದುವುದೂ ಸಲ್ಲದು. ಅದನ್ನು ನೀರಿನಿಂದ ನೆನೆಸಿ, ತಕ್ಕ ಮುಖಗವಸು ಧರಿಸಿ, ಮೃದುವಾಗಿ ಬಿಡಿಸಿ ಚೀಲದಲ್ಲಿ ಕಟ್ಟಿಡಬೇಕು. ಈಗ ಕಲ್ನಾರಿಲ್ಲದ ಗ್ಯಾಸ್ಕೆಟ್ಟುಗಳು ದೊರೆಯುತ್ತವೆ. ಯಂತ್ರವನ್ನು ಉಳಿಸುವ ಭರದಲ್ಲಿ ಅದನ್ನು ದುರಸ್ತಿ ಮಾಡುವವನ ಉಸಿರನ್ನು ಮರೆಯುವುದು ತರವಲ್ಲ.

ಸೋರಿಕೆಯ ಮೇಲೆ ಅಂಟು ಬಳಿದು ಅಂದಿನ ಪ್ರಯಾಣವನ್ನು ಮುಗಿಸುವುದು ಸುಲಭ. ಮೂಲವನ್ನು ಹುಡುಕಿ, ಮೈಯನ್ನು ಮಟ್ಟಗೊಳಿಸಿ, ಒಂದೊಂದು ನಟ್ಟಿಗೂ ಸಮನಾದ ಬಿಗಿಯನ್ನು ಕೊಡುವುದಕ್ಕೆ ಹೊತ್ತೂ ತಾಳ್ಮೆಯೂ ಬೇಕು. ಹಳೆಯ ಕಾರು ಘಾಟಿಯನ್ನು ಮತ್ತೆ ಏರುವುದು ಆ ತಾಳ್ಮೆಯ ಬಲದಿಂದಲೇ.