ಕಟ್ಟುವ ಮುನ್ನ ಗಣಕಯಂತ್ರದಲ್ಲಿ ಪರೀಕ್ಷೆ: ಪರಿಸರಸ್ನೇಹಿ ಕಟ್ಟಡ ವಿನ್ಯಾಸದ ತಂತ್ರಾಂಶಗಳು

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಂತಹ ಮಲೆನಾಡಿನಲ್ಲಿ ಸಮತಟ್ಟಾದ ತಾರಸಿಯ ಕಟ್ಟಡದ ಮೇಲೆ ಕೆಲವೇ ಮಳೆಗಾಲಗಳ ನಂತರ ತಗಡಿನ ಹೊದಿಕೆ ಏರುವುದು ಅಪರೂಪವಲ್ಲ. ಸ್ಥಳದ ಹವಾಮಾನವನ್ನು ನಕ್ಷೆಯ ಹಂತದಲ್ಲಿ ಪರಿಗಣಿಸದಿದ್ದರೆ ಒಂದೇ ಛಾವಣಿಗೆ ಎರಡು ಬಾರಿ ವೆಚ್ಚವಾಗುತ್ತದೆ.

ತಂತ್ರಾಂಶದ ಕಾರ್ಯ

ಕಟ್ಟಡದ ಅಳತೆ, ದಿಕ್ಕು, ಸಾಮಗ್ರಿ ಹಾಗೂ ಸ್ಥಳದ ಹವಾಮಾನದ ಅಂಕಿಅಂಶಗಳನ್ನು ನೀಡಿದರೆ, ಒಳಗಿನ ಉಷ್ಣಾಂಶ ಮತ್ತು ವಿದ್ಯುತ್ ಬಳಕೆಯನ್ನು ತಂತ್ರಾಂಶವು ಮುಂಚಿತವಾಗಿ ಲೆಕ್ಕಹಾಕುತ್ತದೆ. ಅಮೆರಿಕದ ಇಂಧನ ಇಲಾಖೆಯ 'ಎನರ್ಜಿಪ್ಲಸ್' ಇಂತಹ ಉಚಿತ ತಂತ್ರಾಂಶ. ಭಾರತದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ 'ಇಕೋ ನಿವಾಸ್ ಸಂಹಿತೆ'ಯನ್ನು ಹೊರತಂದಿದ್ದು, ಅದರ ಲೆಕ್ಕಾಚಾರಕ್ಕೂ ಗಣಕ ಸಾಧನವಿದೆ. ಸಾರ್ವಜನಿಕ ಕಟ್ಟಡಗಳಿಗೆ ಈ ಸಂಹಿತೆ ಅನ್ವಯಿಸದಿದ್ದರೂ ಅದರ ಮಾನದಂಡಗಳು ಹೋಲಿಕೆಗೆ ಉಪಯುಕ್ತ.

ಉದಾಹರಣೆಗೆ, ನೆಲದ ವಿಸ್ತೀರ್ಣಕ್ಕೆ ಹೋಲಿಸಿದಾಗ ಗಾಳಿಗಾಗಿ ತೆರೆಯಬಹುದಾದ ಭಾಗವು ಬಿಸಿ-ಆರ್ದ್ರ ವಲಯದಲ್ಲಿ ಕನಿಷ್ಠ ಶೇ. 16.66, ಸಮಶೀತೋಷ್ಣ ವಲಯದಲ್ಲಿ ಕನಿಷ್ಠ ಶೇ. 12.5 ಇರಬೇಕು. ಅಂದರೆ 60 ಚದರ ಮೀಟರ್ ನೆಲಕ್ಕೆ ಕ್ರಮವಾಗಿ ಸುಮಾರು 10 ಮತ್ತು 7.5 ಚದರ ಮೀಟರ್.

ತಂತ್ರಾಂಶದ ಮಿತಿ

ನೀಡಿದ ಮಾಹಿತಿ ತಪ್ಪಾದರೆ ಉತ್ತರವೂ ತಪ್ಪು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 1000 ಮಿ.ಮೀ.; ಶೃಂಗೇರಿಯದು ಅದರ ಮೂರು ಪಟ್ಟಿಗೂ ಅಧಿಕ. ಬೆಂಗಳೂರಿನ ಹವಾಮಾನ ಕಡತದಿಂದ ಮಲೆನಾಡಿನ ಕಟ್ಟಡವನ್ನು ಅಳೆಯಲಾಗದು. ಅಲ್ಲದೆ, ಇರಚಲು ಹೊಡೆಯುವ ಕಿಟಕಿಯನ್ನು ಮಳೆಗಾಲವಿಡೀ ಮುಚ್ಚಿಡುವರೆಂಬುದು ಶಾಖದ ಲೆಕ್ಕದಲ್ಲಿ ತಾನಾಗಿ ಸೇರುವುದಿಲ್ಲ. ಇಳಿಜಾರು ಹೆಂಚಿನ ಮಾಡು ಮತ್ತು ಅಗಲವಾದ ಸೂರುಗಳಲ್ಲಿ ಹಿರಿಯರು ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ಸೂರು ಅಗಲವಾದಷ್ಟೂ ಒಳಗೆ ಬೆಳಕು ಕುಗ್ಗುತ್ತದೆ. ಎಷ್ಟು ಕುಗ್ಗುವುದೆಂಬುದನ್ನು ಬೆಳಕಿನ ತಂತ್ರಾಂಶ ತಿಳಿಸಬಲ್ಲದು.

ಅನುಮೋದನೆಗೆ ಮುನ್ನ ಸದಸ್ಯರು ಎಂಜಿನಿಯರರನ್ನು ಕೇಳಬೇಕಾದ ಪ್ರಶ್ನೆಗಳು

1. ಲೆಕ್ಕಕ್ಕೆ ಯಾವ ಸ್ಥಳದ ಹವಾಮಾನ ಮತ್ತು ಯಾವ ವಲಯವನ್ನು ಬಳಸಲಾಗಿದೆ?
2. ಛಾವಣಿಯ ಇಳಿಜಾರು ಹಾಗೂ ಸೂರಿನ ಅಗಲವೆಷ್ಟು?
3. ಮಳೆಯಲ್ಲಿಯೂ ತೆರೆದಿಡಬಹುದಾದ ಕಿಟಕಿಗಳೆಷ್ಟು?
4. ಹಗಲಿನಲ್ಲಿ ದೀಪವಿಲ್ಲದೆ ಮಕ್ಕಳು ಓದಬಹುದೇ?
5. ಛಾವಣಿಯ ನೀರು ಎಲ್ಲಿಗೆ ಹೋಗುತ್ತದೆ? 100 ಚದರ ಮೀಟರ್ ಛಾವಣಿಯ ಮೇಲೆ 100 ಮಿ.ಮೀ. ಮಳೆ ಸುರಿದರೆ 10,000 ಲೀಟರ್ ನೀರಾಗುತ್ತದೆ.

ಉತ್ತರಗಳನ್ನು ಸಭಾ ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ನಕ್ಷೆಯಲ್ಲಿನ ಗೆರೆಯನ್ನು ತಿದ್ದಲು ಹೆಚ್ಚು ವೆಚ್ಚವಿಲ್ಲ. ಕಟ್ಟಿದ ಗೋಡೆಯನ್ನು ತಿದ್ದಲು ಗ್ರಾಮದ ಹಣವೇ ಬೇಕಾಗುತ್ತದೆ.