ಅರ್ಧ ಮಾತ್ರೆಯ ಲೆಕ್ಕ

ದೊಡ್ಡವರಿಗೆ ಒಂದು ಮಾತ್ರೆ, ಮಗುವಿಗೆ ಅರ್ಧ. ಎಷ್ಟೋ ಮನೆಗಳಲ್ಲಿ ನಡೆಯುವ ಲೆಕ್ಕ ಇದು. ಎಷ್ಟು ಸರಿ ಅಂತ ಈ ಸಲ ನೋಡೋಣ.

4 ವರ್ಷದ ಮಗು, ತೂಕ 16 ಕೆ.ಜಿ., ಎತ್ತರ 100 ಸೆಂ.ಮೀ. ಅಂತ ಇಟ್ಟುಕೊಳ್ಳೋಣ. ಔಷಧ ಪ್ಯಾರಾಸಿಟಮಾಲ್, ದೊಡ್ಡವರ ಡೋಸ್ 500 ಮಿ.ಗ್ರಾಂ.

1. ಯಂಗ್ ಸೂತ್ರ: ವಯಸ್ಸು ÷ (ವಯಸ್ಸು + 12). ಅಂದರೆ 4/16 × 500 = 125 ಮಿ.ಗ್ರಾಂ. ನಾವು ಓದುವ ಯಂಗ್ಸ್ ಮಾಡ್ಯುಲಸ್‌ನ ಥಾಮಸ್ ಯಂಗ್ ಇವರೇ, ವೃತ್ತಿಯಲ್ಲಿ ವೈದ್ಯರು!

2. ಕ್ಲಾರ್ಕ್ ಸೂತ್ರ: ತೂಕ ÷ 70. ಅಂದರೆ 16/70 × 500 = ಸುಮಾರು 114 ಮಿ.ಗ್ರಾಂ.

3. ಮೇಲ್ಮೈ ಸೂತ್ರ: ದೇಹದ ಮೇಲ್ಮೈ ವಿಸ್ತೀರ್ಣ = √(ಎತ್ತರ × ತೂಕ ÷ 3600) = 0.67 ಚ.ಮೀ. ದೊಡ್ಡವರದು 1.73 ಚ.ಮೀ. ಎಂದು ಹಿಡಿದರೆ ಡೋಸ್ ಸುಮಾರು 193 ಮಿ.ಗ್ರಾಂ.

ಒಂದೇ ಮಗುವಿಗೆ ಮೂರು ಉತ್ತರ! ಇಂದು ವೈದ್ಯರು ಮಕ್ಕಳಿಗೆ ಪ್ಯಾರಾಸಿಟಮಾಲ್ ಬರೆಯುವುದು ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಲೆಕ್ಕದಲ್ಲಿ. ಈ ಮಗುವಿಗೆ ಅದು 160ರಿಂದ 240 ಮಿ.ಗ್ರಾಂ. ಮೊದಲೆರಡು ಸೂತ್ರ ಇದಕ್ಕಿಂತ ಕಡಿಮೆ ಕೊಡುತ್ತವೆ, ಅರ್ಧ ಮಾತ್ರೆ (250) ಮಿತಿ ದಾಟುತ್ತೆ, ಮೇಲ್ಮೈ ಸೂತ್ರ ಮಾತ್ರ ಒಳಗಿದೆ.

ಯಾಕೆ ಹೀಗೆ? ದೇಹ ಚಿಕ್ಕದಾದಷ್ಟೂ ಕೆ.ಜಿ.ಗೆ ಸಿಗುವ ಮೇಲ್ಮೈ ಜಾಸ್ತಿ, ಶಕ್ತಿಯ ಖರ್ಚೂ ಜಾಸ್ತಿ. ಈ ವಯಸ್ಸಿನ ಮಕ್ಕಳ ಲಿವರ್ ಹಲವು ಔಷಧಗಳನ್ನು ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಬೇಗ ಹೊರಹಾಕುತ್ತದೆ.

ಹಾಗಂತ ಮೇಲ್ಮೈ ಸೂತ್ರವನ್ನೇ ಎಲ್ಲದಕ್ಕೂ ಹಾಕೋಕಾಗಲ್ಲ. ನವಜಾತ ಶಿಶುವಿನಲ್ಲಿ ಕಥೆ ಉಲ್ಟಾ, ಲಿವರ್ ಇನ್ನೂ ಬಲಿತಿರುವುದಿಲ್ಲ. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಪಡೆದ ಶಿಶುಗಳ ಮೈಯಲ್ಲಿ ಅದು ಶೇಖರವಾಗಿ, ಮೈ ಬೂದುಬಣ್ಣಕ್ಕೆ ತಿರುಗಿ, ಹಲವು ಶಿಶುಗಳು ಸತ್ತವು. ಅದಕ್ಕೇ ಪ್ರತಿ ಔಷಧಕ್ಕೂ, ಪ್ರತಿ ವಯಸ್ಸಿಗೂ ಡೋಸನ್ನು ಬೇರೆಯಾಗಿ ನಿಗದಿ ಮಾಡುತ್ತಾರೆ.

ಇನ್ನು ಯೂನಿಟ್ ವಿಷಯ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್‌ನಲ್ಲಿ 200 ಮಿ.ಗ್ರಾಂ ಅಂದರೆ 4 ಮಿ.ಲೀ. ಪುಟ್ಟ ಮಕ್ಕಳ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ ಇದ್ದರೆ, ಅದೇ 4 ಮಿ.ಲೀ.ನಲ್ಲಿ 400 ಮಿ.ಗ್ರಾಂ ಹೋಗುತ್ತೆ. ಬಾಟಲಿ ಚಿಕ್ಕದು, ಔಷಧ ಡಬಲ್!

ಡೋಸ್ ಹೇಳಬೇಕಾದವರು ವೈದ್ಯರೇ. ನಮ್ಮ ಕೆಲಸ ಇಷ್ಟು: ಮಗುವಿನ ಈಗಿನ ತೂಕ ಹೇಳುವುದು, ಎಷ್ಟು ಮಿ.ಗ್ರಾಂ ಎಂದು ಕೇಳುವುದು, ಲೇಬಲ್ ಓದುವುದು, ಅಡುಗೆಮನೆ ಚಮಚ ಬಿಟ್ಟು ಬಾಟಲಿ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಹಾಕುವುದು.